ಖಡಕ್ ನೀರು

ಆಗೆಲ್ಲ ಗೋಕಾಕದ ನಮ್ಮ ಓಣಿಗೆ ಕಾಲಿಟ್ಟರೆ ಮೂಗಿಗೆ ಮೊದಲು ಬಡಿಯುತ್ತಿದ್ದುದು ಹುಣಸೆಬೀಜದ ಅಂಟು ಕುದಿಯುವ ವಾಸನೆ. ಗೊಂಬೆ ಮಾಡುವವರ ಓಣಿ ಅದು. ಅಪ್ಪ ಕಟ್ಟಿಗೆ ಕೆತ್ತುತ್ತಿದ್ದ, ಅವ್ವ ಬಣ್ಣ ಬಳಿಯುತ್ತಿದ್ದಳು. ಕಣ್ಣು ಬರೆಯುವ ಕೆಲಸ ಮಾತ್ರ ಅಣ್ಣನದು. ಅವನು ಉಸಿರು ಹಿಡಿದು ಚುಕ್ಕೆ ಇಟ್ಟನೆಂದರೆ ಗೊಂಬೆ ನಮ್ಮನ್ನೇ ನೋಡುತ್ತಿತ್ತು.

"ಗಂಗಿ, ಅತ್ತಾಗ ಸರಿ. ನೀ ನಗಿಸಿದ್ರ ಇದಕ್ಕ ನಿನ್ನಂಗ ಮೆಳ್ಳಗಣ್ಣ ಆಕ್ಕೈತಿ," ಎನ್ನುತ್ತಿದ್ದ.

ಗೊಂಬೆಯ ಹೊಳಪಿಗೆ ಅರಗು ಕರಗಿಸಲು ಅಪ್ಪ ಡಬ್ಬಿಯಲ್ಲಿ ಸ್ಪಿರಿಟ್ ತರುತ್ತಿದ್ದ. ಚಳಿಗಾಲದ ಕೆಮ್ಮಿಗೆಂದು ಅವ್ವ ಗೂಡಿನಲ್ಲಿ ಸರಾಯಿಯ ಬಾಟಲಿ ಇಡುತ್ತಿದ್ದಳು. ಸರಾಯಿ ಎನ್ನಲು ಅವಳಿಗೆ ನಾಚಿಕೆ. ಸ್ಪಿರಿಟ್ ಎನ್ನಲು ನಾಲಿಗೆ ಹೊರಳದು. ಹೀಗಾಗಿ ಮನೆಯಲ್ಲಿ ಎರಡಕ್ಕೂ ಒಂದೇ ಹೆಸರು: ಖಡಕ್ ನೀರು.

ಒಂದು ದಿನ ಗೂಡಿನ ಬೆಲ್ಲ ಕದಿಯಲು ಹೋಗಿ ಬಾಟಲಿ ಉರುಳಿಸಿ ಸರಾಯಿ ಚೆಲ್ಲಿದೆ. ಹೊಡೆತಕ್ಕೆ ಹೆದರಿ ಅಪ್ಪನ ಡಬ್ಬಿಯಿಂದ ತುಂಬಿಸಿಟ್ಟೆ. ಮೂಸಿ ನೋಡಿದೆ, ಹೆಚ್ಚುಕಡಿಮೆ ಅದೇ ಘಾಟು. ಹೆಸರೂ ಅದೇ.

ಅದೇ ವಾರ ಅಣ್ಣನಿಗೆ ಕೆಮ್ಮು ಹತ್ತಿತು.

"ಕಣ್ಮುಚ್ಚಿ ಕುಡಿ, ಎದಿ ಹಗುರಾಕ್ಕೈತಿ," ಎಂದು ಅವ್ವ ಬಟ್ಟಲು ಹಿಡಿದಳು. ನಾನು ಅಲ್ಲೇ ಕೂತಿದ್ದೆ, ಬಾಯಲ್ಲಿ ಬೆಲ್ಲ. ಮರುದಿನವೂ ಕೊಟ್ಟಳು. ಅಂದೂ ಕೂತಿದ್ದೆ.

ಮೂರನೆಯ ಮುಂಜಾನೆ ಅಣ್ಣ ಕೇಳಿದ: "ಅವ್ವಾ, ಹೊರಗ ಮಂಜು ಬಿದ್ದೈತೇನ? ಏನೂ ಕಾಣವಲ್ದು."

ಆ ಮಂಜು ಸರಿಯಲೇ ಇಲ್ಲ. ಹೆತ್ತವಳ ಕೈಯೇ ಮಗನ ಕಣ್ಣು ತಿಂದಿತು ಎಂದು ಓಣಿ ಆಡಿಕೊಂಡಿತು. ಅವ್ವ ಅದನ್ನೇ ನಂಬಿಕೊಂಡು ಸತ್ತಳು. ನಾನು ಬಾಯಿ ಬಿಡಲಿಲ್ಲ.

ನಾನು ಕಲಿತದ್ದು ಎರಡನೇ ಇಯತ್ತೆಯವರೆಗೆ. ಮೊನ್ನೆ, ಕಾಲೇಜಿಗೆ ಹೋಗುವ ಮೊಮ್ಮಗನನ್ನು, ಸರಾಯಿಗೂ ಸ್ಪಿರಿಟ್ಟಿಗೂ ಏನು ಫರಕು ಎಂದು ಯಾರದೋ ಸುದ್ದಿಯೆಂಬಂತೆ ಕೇಳಿದೆ.

"ಆಯಿ, ಎರಡಕ್ಕೂ ಬಾಲದಾಗ ಒಂದ ಗಂಟು ಐತಿ, ಹೈಡ್ರಾಕ್ಸಿಲ್ ಅಂತ. ಒಂದು ಆಮ್ಲಜನಕ, ಒಂದು ಜಲಜನಕ. ಅದಕ್ಕ ಎರಡೂ ನೀರಾಗ ಬೆರೀತಾವು. ಬೆಲ್ಲದಾಗಂತೂ ಅಂಥ ಗಂಟು ಸಾಲ್‌ಸಾಲು ಅದಾವು, ಅದಕ್ಕ ಹಂಗ ಕರಗತೈತಿ."

"ಮತ್ತ ಒಂದ ಯಾಕ ಕಣ್ಣು ತಿಂತೈತಿ?"

"ಗಂಟು ಒಂದ, ಮೈ ಬ್ಯಾರೆ. ಸ್ಪಿರಿಟ್‌ನ್ಯಾಗ ಬೆರೆಸಿರೋ ಮೆಥನಾಲ್ ಹೊಟ್ಟಿಗೆ ಹೋದಮ್ಯಾಲೆ ಬ್ಯಾರೆ ವಿಷ ಆಕ್ಕೈತಿ."

ಅಣ್ಣನ ಕಣ್ಣು ಹೋದಮೇಲೆ ಗೊಂಬೆಗೆ ಕಣ್ಣು ಬರೆಯುವ ಕೆಲಸ ನನಗೆ ಬಂದಿತ್ತು. ಪ್ರತಿ ಗೊಂಬೆಯ ಮುಖ ಸವರಿ ಅವನು ಕೇಳುತ್ತಿದ್ದ: "ಎರಡೂ ಕಣ್ಣು ನೆಟ್ಟಗ ನೋಡತಾವಿಲ್ಲ, ಗಂಗಿ?"

"ನೋಡತಾವಣ್ಣಾ."

ಈಗ ಓಣಿಯಲ್ಲಿ ಆ ಅಂಟಿನ ವಾಸನೆಯಿಲ್ಲ. ಅವ್ವನಿಲ್ಲ, ಅಣ್ಣನೂ ಇಲ್ಲ. ನಾನು ಕಣ್ಣು ಬರೆದ ನಾಲ್ಕು ಗೊಂಬೆ ಗೂಡಿನಲ್ಲಿ ಉಳಿದಿವೆ. ಒಂದೂ ನನ್ನನ್ನು ನೆಟ್ಟಗೆ ನೋಡುವುದಿಲ್ಲ.