ಶರಾವತಿ ದಾಟದ ಕರೆ

ಅಕ್ಕ, ಆ ಚೌತಿಗೆ ನಿನ್ನನ್ನು ಕರೆಯಲು ನಾನು ಮಂಕಿಯ ನಿನ್ನ ಮನೆಗೆ ಬರಲೇ ಇಲ್ಲ. ಹೋಗಿ ಕರೆದೆ, ಅವಳೇ ಬರುವುದಿಲ್ಲವೆಂದಳು ಎಂದು ನಮ್ಮನ್ನು ಹೆತ್ತ ಆಯಿಗೆ ಹೇಳಿದ್ದು ಸುಳ್ಳು. ನೀನು ತೀರಿಕೊಂಡು ಇಂದಿಗೆ ಹದಿನಾರು ದಿನ — ಈಗ ಬರೆಯುತ್ತಿದ್ದೇನೆ.

ಅದರ ಹಿಂದಿನ ವರ್ಷ ಹೊಸ ಅಕ್ಕಿಯ ಊಟಕ್ಕೆ ನೀನೂ ಭಾವನೂ ತವರಿಗೆ, ಕಾಗಾಲಕ್ಕೆ ಬಂದಿದ್ದಿರಿ. ನಾವೆಲ್ಲ ಒಟ್ಟಿಗೆ ಉಂಡ ಕೊನೆಯ ದಿನ ಅದು. ಬೆಳಿಗ್ಗೆಯೆಲ್ಲ ನೀನು ಕಾಯಿ ತುರಿಯುತ್ತ ಆಯಿಯ ಜೊತೆ ಹರಟಿದೆ. ನಾನೂ ಭಾವನೂ ಅಂಗಳದಲ್ಲಿ ಚಪ್ಪರ ಕಟ್ಟಿದೆವು. ಓಟು ಹತ್ತಿರ ಬಂದಿತ್ತು. ನಾನು ಆಳುವ ಪಕ್ಷದ ಬಿಳಿ ಟೊಪ್ಪಿಯವ. ನಿನ್ನ ಗಂಡ ಗೇಣಿದಾರರ ಪರ ಊರೂರು ತಿರುಗುವವ. ಊಟಕ್ಕೆ ಕೂತಾಗ ಭಾವ ಶುರುಮಾಡಿದ.

"ಎಂತದೋ ಮಾರಾಯ, ಮುಂಬೈ ಸರಕಾರ ಇದ್ದಾಗ್ಲೂ ಅದೇ ಟೊಪ್ಪಿ, ಮೈಸೂರಿಗೆ ಸೇರಿದ್ಮೇಲೂ ಅದೇ ಟೊಪ್ಪಿ. ನಡುವೆ ಒಂದ್ಸಲ ಆದ್ರೂ ತೊಳ್ದಿದ್ಯೋ ಇಲ್ಲೋ?"

ಆಯಿ ನಕ್ಕಳು. ನೀನೂ ನಕ್ಕೆ. ನಾನೂ ನಕ್ಕುಬಿಟ್ಟಿದ್ದರೆ —

"ನಮ್ಮನೆ ಅನ್ನ ಉಣ್ತಾ ನಮ್ಮನ್ನೇ ಆಡ್ಕೊಳ್ಬೇಡ" ಎಂದೆ.

ಭಾವ ಎಲೆ ಬಿಟ್ಟು ಎದ್ದ. ನೀನು ಅವನ ಹಿಂದೆಯೇ ಹೊರಟವಳು ಅಂಗಳದಲ್ಲಿ ನಿಂತು, "ಚೌತಿಗೆ ಕರೀಲಿಕ್ಕೆ ನೀನೇ ಬಾ ತಮ್ಮ. ಎಲ್ಲ ಸರಿ ಆಗ್ತದೆ" ಎಂದೆ.

ಓಟಿನಲ್ಲಿ ನಾವು ಸೋತೆವು. ಚೌತಿ ಬಂತು. ತವರಿನವರು ಖುದ್ದಾಗಿ ಹೋಗಿ ಕುಂಕುಮ ಕೊಟ್ಟು ಕರೆಯದೆ ಹೆಣ್ಣುಮಕ್ಕಳು ಬರುವ ಪದ್ಧತಿ ನಮ್ಮಲ್ಲಿಲ್ಲ. ಆಯಿ ಕಾಯಿ, ಕುಂಕುಮ ಕಟ್ಟಿಕೊಟ್ಟು ಕಳಿಸಿದಳು. ಹೊನ್ನಾವರದವರೆಗೆ ಬಸ್ಸಿನಲ್ಲಿ ಬಂದೆ. ಮಂಕಿಯ ಕಡೆಗೆ ಶರಾವತಿ ಹೊಳೆ ದಾಟಿಸುವ ದೋಣಿ ನಿಂತಿತ್ತು. ಹತ್ತಲಿಲ್ಲ. ಸೋತು ಬಂದವನನ್ನು ನೋಡಿ ಭಾವ ನಗುತ್ತಾನೆ — ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಮೂರು ದೋಣಿ ಹೋಗುವವರೆಗೆ ದಡದಲ್ಲಿ ಕೂತು, ಕಾಯಿಯನ್ನು ಚಾ ಅಂಗಡಿಯವನಿಗೆ ಕೊಟ್ಟು ತಿರುಗಿ ಹೋದೆ.

"ಬರೂದಿಲ್ವಂತೆ, ಆಯಿ."

"ಅವ್ಳೇ ಹೇಳಿದ್ಲಾ?"

"ಹೌದು. ಅವ್ಳೇ."

ಆಯಿ ಮತ್ತೆ ಯಾರನ್ನೂ ಕಳಿಸಲಿಲ್ಲ. ಕರೆಯದ ಮನೆಗೆ ನೀನು ಬರಲಿಲ್ಲ. ನಾಲ್ಕು ಚೌತಿ ಹಾಗೆಯೇ ಹೋದವು. ಆಯಿ ಸತ್ತ ದಿನ ನೀನು ಬಂದೆ — ಸಾವಿಗೆ ಯಾರೂ ಕರೆಯಬೇಕಾಗಿಲ್ಲವಲ್ಲ. "ಆಯಿಗೆ ನನ್ನ ಮೇಲೆ ಅಷ್ಟು ಸಿಟ್ಟಿತ್ತೇನೋ ತಮ್ಮ?" ಎಂದು ಕೇಳಿದೆ. ನಾನು ತಲೆ ತಗ್ಗಿಸಿದೆ. ಅದನ್ನೇ ನೀನು ಉತ್ತರವೆಂದುಕೊಂಡೆ. ತಿದ್ದಲು ಆಮೇಲೆ ಎಷ್ಟೋ ವರ್ಷಗಳಿದ್ದವು. ತಿದ್ದಲಿಲ್ಲ.

ನಿನ್ನೆ ಮಂಕಿಗೆ ಹೋಗಿ ಭಾವನಿಗೆ ಎಲ್ಲ ಹೇಳಿದೆ. "ಅವಳಿಗೆ ಹೇಳ್ಬೇಕಿತ್ತು ಮಾರಾಯ" ಎಂದನಷ್ಟೇ.

ನೀನು ಬೇಡವೆನ್ನಲಿಲ್ಲ ಎಂಬುದು ಆಯಿಗೆ ತಿಳಿಯಲಿಲ್ಲ. ಆಯಿ ನಿನ್ನನ್ನು ಕರೆದಿದ್ದಳು ಎಂಬುದು ನಿನಗೆ ತಿಳಿಯಲಿಲ್ಲ.