ಗಾಜಕ್ಕ ಒಂದೇ ಕಡೆಗೆ ಉಜ್ಜುತ್ತಾರೆ

ಒಂದು ಅಣು ಸೊಂಟ ಬಗ್ಗಿಸಿ ನನಗೆ ನಮಸ್ಕಾರ ಮಾಡಿದೆ. ಬರಿಗಣ್ಣಿನಿಂದಲೇ ಕಂಡಿದ್ದೇನೆ. ನಂಬದವರು ಗಾಜಕ್ಕನನ್ನು ಕೇಳಬಹುದು.

ಬೆಳಕು ಹರಿಯುವ ಹೊತ್ತು. ಪ್ರಯೋಗಾಲಯದ ಮೂಲೆಯ ಕೋಣೆಯಲ್ಲಿ ಆಕೆ ಉಗುರಗಲದ ಗಾಜೊಂದನ್ನು ಮಖಮಲ್ಲಿನಿಂದ ಉಜ್ಜುತ್ತಿದ್ದಾರೆ. ಎಳೆಯುತ್ತಾರೆ, ಕೈ ಎತ್ತುತ್ತಾರೆ, ಮತ್ತೆ ಅದೇ ದಿಕ್ಕಿಗೆ ಎಳೆಯುತ್ತಾರೆ. ಉಜ್ಜಿದಾಗ ಮೂಡುವ ಕಾಣದ ಗೆರೆ ಹಿಡಿದೇ ಅಣುಗಳು ಸಾಲುಗಟ್ಟುವುದು. ಹಿಂದಕ್ಕೆ ಉಜ್ಜಿದರೆ ಕೆಟ್ಟಿತು.

"ಮನೇಲಿ ಮೇಜು ಒರೆಸಿದ್ರೂ ಒಂದೇ ಕಡೆಗೆ. ಕಸವೆಲ್ಲ ನನ್ನ ಮಡಿಲಿಗೇ ಬರುತ್ತೆ ಅಂತ ನಮ್ಮತ್ತೆ ಬೈತಾರೆ," ಎಂದು ನಗುತ್ತಾರೆ. "ಮೊದಲು ಇಲ್ಲಿ ಸೀಸೆ ತೊಳೆಯೋಳು ನಾನು. ಉಜ್ಜೋ ಯಂತ್ರ ಕೆಟ್ಟಾಗ ಬಟ್ಟೆ ಕೈಗೆ ಕೊಟ್ರು. ಯಂತ್ರ ರಿಪೇರಿ ಆಯ್ತು, ಬಟ್ಟೆ ಮಾತ್ರ ವಾಪಸ್ ಕೇಳಲೇ ಇಲ್ಲ."

ಇವತ್ತು ಗಾಜಿನೊಳಗೆ ಇಳಿಯಬೇಕಾದ ದ್ರವಹರಳಿನ, ಅಂದರೆ ದ್ರವದಂತೆ ಹರಿದರೂ ಹರಳಿನಂತೆ ಸಾಲುಗಟ್ಟುವ ವಸ್ತುವಿನ, ಅಣುಗಳು ಬಿಲ್ಲಿನಂತೆ ಬಾಗಿದಂಥವು. ಒಂದು ಪದರದವು ಎಡಕ್ಕೆ ಮುಖ ಮಾಡಿದರೆ ಪಕ್ಕದ ಪದರದವು ಬಲಕ್ಕೆ, ಜಗಳವಾಡಿದ ವಾರಗಿತ್ತಿಯರ ಹಾಗೆ. ವಿದ್ಯುತ್ ಕೊಟ್ಟರೆ ಎಲ್ಲವೂ ಒಂದೇ ಕಡೆ. ತೆಗೆದರೆ ಮತ್ತೆ ಮುನಿಸು! ಗಾಜಕ್ಕ ಹೀಗೆ ವಿವರಿಸಿದ್ದು ಕೇಳಿ, ಕೆಲಸ ನೋಡಲು ಬಂದ ನನ್ನ ತಲೆ ಗಿರ್ರೆಂದಿತು.

ಆ ದ್ರವಹರಳನ್ನು ತಯಾರಿಸಿದ ಸಂಶೋಧಕಿ ಬಾಗಿಲಲ್ಲಿ ಉಗುರು ಕಚ್ಚುತ್ತಿದ್ದಾಳೆ. ಉಳಿದಿರುವುದು ಸಾಸಿವೆಯಷ್ಟು. ಹಿಂದಿನ ಸಲ ಎರಡು ಗಾಜಿನ ನಡುವೆ ಧೂಳು ಸಿಕ್ಕಿ, ವಿದ್ಯುತ್ ಕೊಟ್ಟಾಗ ಕಿಡಿ ಹಾರಿ, ಎಲ್ಲ ಸುಟ್ಟುಹೋಗಿತ್ತು.

"ಅಕ್ಕಾ, ಇದೂ ಹೋದ್ರೆ ಮೊದಲಿಂದ ಮಾಡ್ಬೇಕು."

"ಹೋಗಲ್ಲ ಬಿಡು ತಾಯಿ. ಈ ಸಾರ್ ಬಾಯಿ ಮುಚ್ಕೊಂಡಿದ್ರೆ ಸಾಕು."

ನನ್ನ ಮಾತಿನ ತುಂತುರು ಗಾಜಿನ ಮೇಲೆ ಬೀಳುತ್ತದಂತೆ! ಮಾತಿನಲ್ಲೇ ಅರಮನೆ ಕಟ್ಟಿ ಬಾಡಿಗೆಗೆ ಕೊಟ್ಟವನು ನಾನು. ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದೆ.

ಆಕೆ ಉಸಿರು ಬಿಗಿಹಿಡಿದು ಗಾಜುಗಳನ್ನು ಜೋಡಿಸುತ್ತಾರೆ. ಬಿಸಿಗೆ ಕರಗಿದ ಹನಿ ಸಂದಿನೊಳಗೆ ತಾನಾಗಿ ಹರಿಯುತ್ತದೆ. ತಂತಿ ಸಿಕ್ಕಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರ ನೋಟ ಮೂಡುವ ಎದುರಿನ ಪರದೆ ತೋರಿಸುತ್ತಾರೆ. ಸ್ವಿಚ್ಚು ಟಕ್ಕೆನ್ನುತ್ತದೆ.

ಅಬ್ಬಾ! ಪರದೆಯ ತುಂಬ ಬಣ್ಣ ಭುಗಿಲೆಂದಿತು, ಗೋಡೆ ನಡುಗಿತು, ಅಣುವೊಂದು ನನ್ನತ್ತ ಬಾಗಿ... ಎಂದು ನಾನು ಅಲ್ಲೇ ಬಣ್ಣಿಸತೊಡಗಿದರೆ, ಗಾಜಕ್ಕ ತಡೆಯುತ್ತಾರೆ:

"ಸಾರ್, ಸ್ವಿಚ್ ಹಾಕೋವಾಗ ನೀವು ಕಣ್ಣು ಮುಚ್ಕೊಂಡು ಮೇಜು ಹಿಡ್ಕೊಂಡಿದ್ರಿ."

ಹೌದು. ಕಿಡಿ ಹಾರೀತೆಂದು ಹೆದರಿದ್ದೆ. ಹಾರಲಿಲ್ಲ. ಅಣು ಬಾಗಿದ್ದನ್ನೂ ಕಾಣಲಿಲ್ಲ, ಬಣ್ಣ ಬದಲಾದದ್ದನ್ನೂ ಕಾಣಲಿಲ್ಲ. ಕಣ್ಣು ಬಿಟ್ಟಾಗ ಕಂಡದ್ದಿಷ್ಟು: ಆ ಹುಡುಗಿ ಗಾಜಕ್ಕನ ಒಂದು ಕೈ ಹಿಡಿದು ಅಳುತ್ತ ನಗುತ್ತಿದ್ದಳು. ಗಾಜಕ್ಕ ಇನ್ನೊಂದು ಕೈಯಿಂದ ಮೇಜು ಒರೆಸುತ್ತಿದ್ದರು, ಒಂದೇ ಕಡೆಗೆ.