ಕಳ್ಳನನ್ನು ಹಿಡಿಯುವ ಡಬ್ಬಿ

ಹೊಸ ಕಾರು ಕೊಂಡವರು ಯಾರಾದರೂ ನಮ್ಮ ಮನೆಗೆ ಬಂದು, ಕಾರು ಕಳುವಾದರೆ ಪತ್ತೆ ಹಚ್ಚುವ ಆ ಡಬ್ಬಿಯನ್ನು ಹಾಕಿಸುವುದು ಒಳ್ಳೆಯದೋ ಹೇಗೆ ಎಂದು ಕೇಳಿದರೆ, ನನ್ನ ಗಂಡ ತಟ್ಟನೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾರೆ. ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಬೀಳುತ್ತದೆ. ನಾನು ಚಹಾ ಕೊಟ್ಟು, ಕೂಡಿಸಿ, ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಬಂದವರು ನಕ್ಕು ಹೋಗುತ್ತಾರೆ. ಡಬ್ಬಿ ಹಾಕಿಸಿದರೋ ಬಿಟ್ಟರೋ ನನಗೆ ಗೊತ್ತಿಲ್ಲ.

ನಾನು ಕಿತ್ತೂರಿನ ಮಗಳು, ಬೈಲಹೊಂಗಲದ ಸೊಸೆ. ಕಿತ್ತೂರಿನವಳೆಂದರೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಮದುವೆಗೆ ಮುಂಚೆಯೇ ಇವರ ಮನೆಯಲ್ಲಿ ಮಾತಾಗಿತ್ತಂತೆ. ಆ ಹೆಸರನ್ನು ನಾನು ಕೆಡಿಸಿಲ್ಲ. ನನ್ನ ಗಂಡನಿಗೆ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ. ಎರಡು ಸಾವಿರದ ಇಸವಿ ದಾಟಿದ ಮೇಲೆ ವ್ಯಾಪಾರ ಸ್ವಲ್ಪ ಕೈಹಿಡಿದು, ಯಾರೋ ವಾಪರಿಸಿ ಬಿಟ್ಟ ಒಂದು ಹಳೆಯ ಬಿಳಿ ಕಾರು ಮನೆಗೆ ಬಂತು. ಕಾರು ಬಂತೇ ಹೊರತು ಅದನ್ನು ನಿಲ್ಲಿಸಲು ಜಾಗ ಬರಲಿಲ್ಲ. ನಮ್ಮ ಓಣಿಯಲ್ಲಿ ಒಂದು ಎಮ್ಮೆ ಅಡ್ಡ ನಿಂತರೆ ಇನ್ನೊಂದು ಎಮ್ಮೆ ಕಾಯಬೇಕು. ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಹೇರಿದ ಎತ್ತಿನ ಚಕ್ಕಡಿ ಬಂದರಂತೂ ಕಾರು ಜರುಗಲೇಬೇಕು. ಹೀಗಾಗಿ ಓಣಿಯವರೆಲ್ಲ ಕೂಡಿ ಒಂದು ಪದ್ಧತಿ ಮಾಡಿದರು. ಕೀಲಿಕೈ ಕಾರಿನಲ್ಲೇ ಇರಬೇಕು. ಯಾರಿಗೆ ದಾರಿ ಬೇಕೋ ಅವರು ಜರುಗಿಸಿ ಮತ್ತೆ ತಂದು ನಿಲ್ಲಿಸಬೇಕು. ಕೀಲಿಕೈ ಒಳಗೆ ಇಟ್ಟುಕೊಂಡವನನ್ನು ನಮ್ಮ ಓಣಿ ಜಿಪುಣ ಎನ್ನುತ್ತಿತ್ತು.

ಜರುಗಿಸುವವರಲ್ಲಿ ಮೊದಲಿಗರು ಎದುರು ಮನೆಯ ಕಾಕಾ. ತೊಂಬತ್ತರ ದಶಕದಲ್ಲೆಲ್ಲ ಲಾರಿ ಓಡಿಸಿ, ಕಣ್ಣುಮುಚ್ಚಿಕೊಂಡು ಮುಂಬಯಿ ಮುಟ್ಟುತ್ತಿದ್ದ ಮನುಷ್ಯ. ನನ್ನ ಗಂಡನಿಗೆ ಡ್ರೈವಿಂಗ್ ಕಲಿಸಿದ್ದು ಅವರೇ. ಅದೊಂದು ವಿಷಯದಲ್ಲಿ ಮಾತ್ರ ಅವರು ಸೋತರು. ಇವರು ಗೇರು ಬದಲಿಸಿದರೆ ಒಳಗೆ ಕೂತವರೆಲ್ಲ ಒಟ್ಟಿಗೆ ದೇವರಿಗೆ ನಮಸ್ಕಾರ ಮಾಡಿದಂತೆ ಬಾಗುತ್ತಿದ್ದರು. ಹೀಗಾಗಿ ಮನೆಯವರು ದೂರ ಹೋಗುವುದಿದ್ದರೆ ಕಾಕಾನೇ ಬರುತ್ತಿದ್ದರು. ಇವರು ಒಬ್ಬರೇ ಹೋಗುವಾಗ ಬಸ್ಸು. ನನ್ನ ಅತ್ತೆ ಕಾಕಾನನ್ನು "ತಮ್ಮಾ" ಎಂದೇ ಕರೆಯುತ್ತಿದ್ದರು.

ಹೀಗಿರುವಾಗ ಒಂದು ದಿನ ಟೈ ಕಟ್ಟಿಕೊಂಡ ಒಬ್ಬ ಅಂಗಡಿಗೆ ಬಂದ. ದೊಡ್ಡ ಊರುಗಳಲ್ಲಿ ಕಾರುಗಳು ಹೇಗೆ ಮಾಯವಾಗುತ್ತಿವೆ ಎಂದು ಒಂದು ತಾಸು ಹೇಳಿ ನನ್ನ ಗಂಡನ ನಿದ್ದೆ ಕೆಡಿಸಿದ. ಮರುದಿನವೇ ಸ್ಟಿಯರಿಂಗಿನ ಕೆಳಗೆ, ಯಾರಿಗೂ ಕಾಣದ ಹಾಗೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕರಿ ಡಬ್ಬಿ ಕೂತಿತು. ಅದಕ್ಕೂ ಒಂದು ಸಿಮ್ಮು. ಕಾರು ಚಾಲೂ ಆದರೆ ಇವರ ಮೊಬೈಲಿಗೆ ಮೆಸೇಜು ಬರುತ್ತದೆ. ಎಲ್ಲಿದ್ದೀಯಾ ಎಂದು ಕೇಳಿದರೆ ಹತ್ತಿರದ ಊರಿನ ಹೆಸರು ಹೇಳುತ್ತದೆ.

"ಇಷ್ಟ ಅಲ್ಲ. ನಾ ಒಂದ ಮೆಸೇಜ್ ಕಳಿಸಿದ್ನೆಂದ್ರ ಎಂಜಿನ್ ಬಂದ್! ಕಳ್ಳ ನಡುರಸ್ತೇದಾಗ ಬಾಯಿ ಬಾಯಿ ಬಿಡಬೇಕು," ಎಂದರು.

"ಕೀಲಿಕೈ ಕಾರಿನಾಗ ಇಟ್ಟು, ಕಳ್ಳನ್ನ ಹಿಡ್ಯಾಕ ಡಬ್ಬಿ ಇಡ್ತೀರಿ?" ಎಂದೆ.

"ಓಣ್ಯಾಗ ಕೀಲಿಕೈ ತಗದ್ರ ಮಂದಿ ಏನಂದಾರು?" ಎಂದರು. ಮಂದಿ ಏನಂದಾರು ಎಂಬ ಭಯ ಒಂದು ಕಡೆ, ಕಳ್ಳನ ಭಯ ಇನ್ನೊಂದು ಕಡೆ. ಎರಡರ ನಡುವೆ ಸಿಕ್ಕ ಮನುಷ್ಯನಿಗೆ ಟೈ ಕಟ್ಟಿದವನು ದೇವರಂತೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಡಬ್ಬಿಯ ವಿಷಯ ನಮ್ಮಿಬ್ಬರಲ್ಲೇ ಇರಬೇಕು, ಅವ್ವನಿಗೂ ಹೇಳಬೇಡ, ಕಾಕಾನಿಗೂ ಹೇಳಬೇಡ, ಬಾಯಿಂದ ಬಾಯಿಗೆ ಕಳ್ಳನವರೆಗೆ ಮುಟ್ಟುತ್ತದೆ ಎಂದು ನನ್ನಿಂದ ಆಣೆ ತೆಗೆದುಕೊಂಡರು.

ಮುಂದಿನ ಕೆಲವು ತಿಂಗಳು ಡಬ್ಬಿ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಚಕ್ಕಡಿ ಬಂತು, ಕಾರು ಜರುಗಿತು, ಮೊಬೈಲು ಕೂಗಿತು. ನೀರಿನ ಟ್ಯಾಂಕರು ಬಂತು, ಮೊಬೈಲು ಕೂಗಿತು. ಇವರು ತೂಕ ಮಾಡುತ್ತಿದ್ದ ಗೊಬ್ಬರ ಬಿಟ್ಟು, ಅರ್ಧ ಬೋಳಿಸಿದ ಗಡ್ಡ ಬಿಟ್ಟು, ಒಮ್ಮೆ ಮಾತಾಡಿಸಲು ಹೋದ ಸಾವಿನ ಮನೆಯಿಂದಲೂ ಎದ್ದು ಓಣಿಗೆ ಓಡಿ ಬರುತ್ತಿದ್ದರು. ಕಾರು ಎರಡು ಮನೆ ಆಚೆ ನಿಂತಿರುತ್ತಿತ್ತು. ಕೊನೆಗೆ ಬೇಸತ್ತು, ಮೊಬೈಲು ಕೂಗಿದರೂ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟರು. ಅದನ್ನೇ ನಂಬಿ ನಾನು ಮುಂದಿನ ಕೆಲಸಕ್ಕೆ ಕೈ ಹಾಕಿದೆ.

ಆ ಕೆಲಸ ನನ್ನ ಅತ್ತೆಯದು. ಅತ್ತೆಗೆ ಒಬ್ಬಳೇ ತಂಗಿ, ಸಿರಸಂಗಿಗೆ ಕೊಟ್ಟದ್ದು. ಕೆಲವು ವರ್ಷಗಳ ಹಿಂದೆ ಆ ತಂಗಿಯ ಮೊಮ್ಮಗನ ಮದುವೆಯಾಯಿತು. ನಮ್ಮ ಕಡೆ ಹಿರಿಯಳನ್ನು ಮದುವೆಗೆ ಕರೆಯಬೇಕೆಂದರೆ ಮನೆತನಕ ಬಂದು, ಕುಂಕುಮ ಹಚ್ಚಿ, ಅಕ್ಕಿ ಕಾಳು ಕೈಯಲ್ಲಿಟ್ಟು ಕರೆಯಬೇಕು. ಗಡಿಬಿಡಿಯಲ್ಲಿ ತಂಗಿಯ ಮನೆಯವರು ಪತ್ರಿಕೆಯನ್ನು ಬಸ್ ಕಂಡಕ್ಟರನ ಕೈಯಲ್ಲಿ ಕಳಿಸಿದರು. "ಕಂಡಕ್ಟರ್ ಕರದ್ರ ಬಸ್ಸಿಗೆ ಹೋಗಬೇಕು, ಮದಿವಿಗೆ ಅಲ್ಲ," ಎಂದು ಅತ್ತೆ ಹೋಗಲಿಲ್ಲ. ಅಕ್ಕ ಅಕ್ಷತೆಗೇ ಬರಲಿಲ್ಲವೆಂದು ತಂಗಿಗೆ ಸಿಟ್ಟು. ಅಲ್ಲಿಗೆ ಇಬ್ಬರೂ ಮಾತು ಬಿಟ್ಟರು. ಅವರು ಬಂದು ಕರೆಯುವ ತನಕ ನಮ್ಮ ಮನೆಯವರು ಯಾರೂ ಸಿರಸಂಗಿಯ ಹೊಸ್ತಿಲು ತುಳಿಯುವಂತಿಲ್ಲ ಎಂದು ನನ್ನ ಗಂಡ ತಾಯಿಗಿಂತ ಒಂದು ಕೈ ಹೆಚ್ಚಾಗಿ ಫರ್ಮಾನು ಹೊರಡಿಸಿದರು.

ಆಮೇಲೆ ಸುದ್ದಿ ಬಂತು. ತಂಗಿಗೆ ಕಣ್ಣಿನಲ್ಲಿ ಪೊರೆ ಬಂದಿದೆ, ಬರುವ ವಾರ ಆಪರೇಷನ್ನು. ಇದು ಸಣ್ಣ ಆಪರೇಷನ್ನು, ಕಣ್ಣು ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ನಾನೆಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಕಣ್ಣಿಗೆ ಚಾಕು ಹಾಕಿದ ಮೇಲೆ ಕಣ್ಣು ಎಲ್ಲಿ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಊಟ ಬಿಟ್ಟರು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ನನ್ನ ಕೈ ಹಿಡಿದರು.

"ಕಣ್ಣ ಹೋಗೂದರೊಳಗ ಆಕಿ ಒಮ್ಮಿ ನನ್ನ ಮಾರಿ ನೋಡ್ಲಿ. ಇಷ್ಟ ಮಾಡವಾ. ನಿನ್ನ ಗಂಡಗ ಹೇಳಬ್ಯಾಡ."

ಹತ್ತಾರು ವರ್ಷ ನಾನು ಮಾಡಿದ ಸಾರಿನಲ್ಲಿ ತಪ್ಪು ಹುಡುಕಿದ ಅತ್ತೆ, ಹೀಗೆ ಕೈ ಹಿಡಿದು ಕೇಳಿದ್ದು ಅದೇ ಮೊದಲು. ಆಗಲಿ ಎಂದೆ.

ಬೀಜದ ಕಂಪನಿಯವರ ಸಭೆಗೆಂದು ಇವರು ರಾಮದುರ್ಗದ ಬಸ್ಸು ಹತ್ತಿದ ದಿನ ನಾವು ಹೊರಟೆವು. ಕಾಕಾ ಸ್ಟಿಯರಿಂಗಿಗೆ, ಹಿಂದೆ ಇಳಕಲ್ ಸೀರೆಯುಟ್ಟ ಅತ್ತೆ, ಅವರ ತೊಡೆಯ ಮೇಲೆ ತಂಗಿಗೆ ಇಷ್ಟವಾದ ಶೇಂಗಾ ಹೋಳಿಗೆಯ ಡಬ್ಬಿ, ಪಕ್ಕದಲ್ಲಿ ನಾನು. ಕಾಕಾನ ಹೆಂಡತಿಗೂ ಅತ್ತೆ ಆಣೆ ಹಾಕಿ ಬಂದಿದ್ದರು. ಯಾರು ಕೇಳಿದರೂ ಬಾಯಿ ಬಿಡಬಾರದು.

ಯರಗಟ್ಟಿಯವರೆಗೆ ಅತ್ತೆ ಉತ್ಸಾಹದಲ್ಲಿದ್ದರು. ಯರಗಟ್ಟಿ ದಾಟಿ ಸಿರಸಂಗಿಯ ದಾರಿ ಹಿಡಿದದ್ದೇ ಮುಖ ಸಣ್ಣದಾಯಿತು. "ಕರೀದ ಹ್ಯಾಂಗ ಹೋಗೂದು?" ಎಂದರು. "ಬಾಗಲದಾಗ ನಿಂತು, ಯಾಕ ಬಂದಿ ಅಂದ್ರ?" ಎಂದರು. ನಾನು ಸಮಾಧಾನ ಹೇಳಿದಷ್ಟೂ ಅವರ ಬೆನ್ನು ನೆಟ್ಟಗಾಗುತ್ತ ಹೋಯಿತು. ಕೊನೆಗೆ, "ತಮ್ಮಾ, ಗಾಡಿ ತಿರುಗಸು. ಹಿರ್ಯಾಕಿ ನಾ. ನಾ ಯಾಕ ಮೊದಲ ಹೋಗ್ಲಿ?" ಎಂದೇಬಿಟ್ಟರು. ನನಗೆ ಅಳು ಬಂದಂತಾಯಿತು. ಇವತ್ತು ತಿರುಗಿದರೆ ಇನ್ನು ಈ ಜನ್ಮದಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತು.

ಕಾಕಾ ನಿಟ್ಟುಸಿರು ಬಿಟ್ಟು, ವೇಗ ಕಡಿಮೆ ಮಾಡಿ, ತಿರುಗಿಸಲು ರಸ್ತೆಯ ಬದಿಗೆ ತಂದರು. ಅಷ್ಟರಲ್ಲಿ ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಮತ್ತೆ ಮತ್ತೆ ಕೀಲಿಕೈ ತಿರುಗಿಸಿದರು. ಇಳಿದು ಬಾನೆಟ್ ಎತ್ತಿದರು. ಏನೂ ತಿಳಿಯಲಿಲ್ಲ. ಅತ್ತೆ ಮಾತ್ರ ಕಣ್ಣು ಅಗಲಿಸಿ, ಸೆರಗು ಹೊದ್ದು, ಕಾಳವ್ವನ ಗುಡಿಯಿರುವ ಸಿರಸಂಗಿಯ ದಿಕ್ಕಿಗೆ ಕೈಮುಗಿದರು. "ತಿರುಗಸು ಅಂದಿದ್ದ ತಪ್ಪಾತು ನನ್ನವ್ವಾ. ಕಾಳವ್ವ ಹಿಡದ ನಿಲ್ಲಿಸ್ಯಾಳ," ಎಂದರು.

ಯಾವ ಕಾಳವ್ವ ನಿಲ್ಲಿಸಿದ್ದು ಎಂದು ನನಗೆ ಹೊಳೆದಿತ್ತು.

ಇಳಿದು ಹೋಗಿ ಕಾಕಾನಿಗೆ ಮೆಲ್ಲಗೆ ಡಬ್ಬಿಯ ಕಥೆ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಿದ್ದವರು ಹಾಗೇ ನಿಂತರು. "ಕಾರು ಹೊರಗ ಒಯ್ಯಾಂವ ನಾ ಒಬ್ಬನ. ಅಂದ್ರ ನನ್ನ ಸಲುವಾಗಿ ಹಾಕಿಸ್ಯಾರೇನ್ರಿ?" ಎಂದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಿಮ್ಮ ಸಲುವಾಗಿ ಆಗಿದ್ರ ಕೀಲಿಕೈ ಒಳಗ ಇಟಗೋತಿದ್ರು ಕಾಕಾ. ಟೈ ಕಟಗೊಂಡಾಂವ ಹೆದರಿಸಿದ, ಇವರು ಹೆದರಿದ್ರು," ಎಂದೆ. ಅವರು ಬಾನೆಟ್ ಮುಚ್ಚಿ, "ನನ್ನ ಶಿಷ್ಯಗ ಗೇರ್ ಹಾಕಾಕ ಬರಲಿಲ್ಲ, ಗಾಡಿ ನಿಲ್ಲಸಾಕ ಬಂತಲ್ಲ, ಶಾಣ್ಯಾ ಆಗ್ಯಾನ," ಎಂದು ನಕ್ಕರು. ನನಗೆ ಜೀವ ಬಂತು.

ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಮೋಟರ್ ಸೈಕಲ್ಲಿನಲ್ಲಿ ಬಂದ. ಸಿರಸಂಗಿಯವನೇ. ಅವನ ಮೊಬೈಲು ಇಸಿದುಕೊಂಡು ದೂರ ಹೋಗಿ ಇವರಿಗೆ ಫೋನು ಹಚ್ಚಿದೆ.

"ಆಮ್ಯಾಲ ಮಾತಾಡ್ರಿ, ನಮ್ಮ ಕಾರು ಕಳುವಾಗೈತಿ," ಎಂದರು.

"ಕಳ್ಳೀನ ಮಾತಾಡಾಕತ್ತೇನಿ."

ಆಮೇಲೆ ತಿಳಿದದ್ದು ಇಷ್ಟು. ಪರ ಊರಿನಲ್ಲಿದ್ದಾಗ ಮೊಬೈಲು ಕೂಗಿದ್ದಕ್ಕೆ ಈ ಸಲ ಅನುಮಾನ ಬಂದು, ಎಲ್ಲಿದ್ದೀಯಾ ಎಂದು ಕೇಳಿ, ಡಬ್ಬಿ ಯರಗಟ್ಟಿ ಎಂದದ್ದನ್ನು ನೋಡಿ ಇವರು ಮನೆಗೆ ಫೋನು ಮಾಡಿದ್ದಾರೆ, ಎತ್ತುವವರಿಲ್ಲ. ಕಾಕಾನ ಮನೆಗೆ ಮಾಡಿದರೆ ಅವರ ಹೆಂಡತಿ ಆಣೆ ನೆನೆದು, "ಕಾರು ಕಾಣವಲ್ದು, ನಾ ಏನೂ ಹೇಳಂಗಿಲ್ಲ," ಎಂದು ಇಟ್ಟಿದ್ದಾಳೆ. ಸಭೆಯವರೆಲ್ಲ ಸುತ್ತ ನಿಂತು ನೋಡುತ್ತಿರುವಾಗ ಇವರು ಮೆಸೇಜು ಕಳಿಸಿದ್ದಾರೆ. ಮಂದಿ ಚಪ್ಪಾಳೆ ಹೊಡೆದಿದ್ದಾರೆ.

"ಅವ್ವ ಎಲ್ಲಿ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಆಕೀನ್ನೂ ಕದ್ದೇವಿ. ಸಿರಸಂಗಿಗೆ ಒಯ್ಯಾಕತ್ತಿದ್ವಿ. ಕಾಳವ್ವ ಕಾರು ನಿಲ್ಲಿಸ್ಯಾಳಂತ ಕೈಮುಗದು ಕುಂತಾರ. ಕಾಳವ್ವ ನಿಮ್ಮ ಮಗಾನ ಅಂತ ಹೇಳ್ಲೇನು?"

"ಬ್ಯಾಡ ಬ್ಯಾಡ," ಎಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಈಗ ಚಾಲೂ ಮಾಡಾಕ ಮೆಸೇಜ್ ಕಳಸಬೇಕು. ಕರೆನ್ಸಿ ಇಲ್ಲ. ನಿಲ್ಲಸೂದ್ರಾಗ ಖಾಲಿ ಆತು. ಮೊಬೈಲಿಗೆ ಕರೆನ್ಸಿ ಹಾಕೋ ಅಂಗಡಿ ಹುಡುಕ್ತೇನಿ," ಎಂದು ಓಡಿದರು.

ಹಾಲಿನವನು ನಮ್ಮ ಅತ್ತೆ ಯಾರೆಂದು ತಿಳಿದುಕೊಂಡು, ತನ್ನ ಮೊಬೈಲು ತಿರುಗಿ ಇಸಿದುಕೊಂಡು ಊರ ಕಡೆ ಹೋದ. ನಾವು ಕಾರಿನಲ್ಲಿ ಬೆವರುತ್ತ ಕೂತೆವು. ಅತ್ತೆ ಹೋಳಿಗೆಯ ಡಬ್ಬಿಯನ್ನು ಎದೆಗೆ ಅವಚಿಕೊಂಡು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ತಿರುಗಿಸುವ ಮಾತು ಮತ್ತೆ ಎತ್ತಲಿಲ್ಲ.

ಸಿರಸಂಗಿ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಹೊಡೆಯುತ್ತಿದ್ದವನು ಅದೇ ಮದುವೆಯ ಮೊಮ್ಮಗ. ಹಿಂದಿನ ಟ್ರೇಲರಿನಲ್ಲಿ, ಗೋಣಿ ತಟ್ಟಿನ ಮೇಲೆ, ಎರಡೂ ಕೈಯಿಂದ ಕಂಬಿ ಹಿಡಿದು ಒಬ್ಬ ಸಣ್ಣ ಮುದುಕಿ ಕೂತಿದ್ದಳು. ಮೊಮ್ಮಗ ಎತ್ತಿ ಇಳಿಸಿದ. ಅವಳು ಕಾರನ್ನು ತಡವುತ್ತ ಬಂದು ಬಾಗಿಲ ಹತ್ತಿರ ನಿಂತಳು.

ಅತ್ತೆ ನನ್ನನ್ನು ಮೊಣಕೈಯಿಂದ ತಿವಿದರು. ನಾನು ಆ ಕಡೆಯ ಬಾಗಿಲಿನಿಂದ ಇಳಿದೆ. ಅತ್ತೆ ಜರುಗಿ ಜಾಗ ಮಾಡಿದರು. ತಂಗಿ ಹತ್ತಿ ಕೂತಳು. ಅವಳ ಮನೆಗೆ ಇವಳು ಹೋದಂತಾಗಲಿಲ್ಲ, ಇವಳ ಮನೆಗೆ ಅವಳು ಬಂದಂತಾಗಲಿಲ್ಲ.

ತಂಗಿ ಎರಡೂ ಕೈಗಳಿಂದ ಅಕ್ಕನ ಮುಖ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದು, ಬಹಳ ಹೊತ್ತು ನೋಡಿದಳು.

"ಎಷ್ಟ ಮುದುಕಿ ಆಗೀಯೇ ಅಕ್ಕಾ," ಎಂದಳು.

"ನಿನ್ನ ಕಣ್ಣಿಗೆ ಏನೂ ಆಗಿಲ್ಲ ತಗೋ," ಎಂದು ಅತ್ತೆ ಗೊಳೋ ಎಂದು ಅತ್ತರು.

ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು. ಮಾತಿನಲ್ಲಿ ಕಂಡಕ್ಟರನೂ ಬಂದ, ಪತ್ರಿಕೆಯೂ ಬಂತು, ಹೋಳಿಗೆಯ ಡಬ್ಬಿಯೂ ತೆರೆಯಿತು. ಯಾರೂ ಇನ್ನೊಬ್ಬರ ಮಾತು ಕೇಳುತ್ತಿರಲಿಲ್ಲ. ರಾಮದುರ್ಗದಲ್ಲಿ ಇವರಿಗೆ ಅಂಗಡಿ ಸಿಕ್ಕಿರಬೇಕು. ಕಾಕಾ ಸುಮ್ಮನೆ ಒಮ್ಮೆ ಕೀಲಿಕೈ ತಿರುಗಿಸಿ ನೋಡಿದರೆ ಎಂಜಿನ್ ಬುರ್ರೆಂದು ಚಾಲೂ ಆಯಿತು. ನಾನೂ ಮೊಮ್ಮಗನೂ ಹೋ ಎಂದು ಕೂಗಿದೆವು. ಕಾಕಾ ಹಿಂದೆ ತಿರುಗಿ, "ಹೋಗೂಣೇನ್ರಿ ಅಕ್ಕಾರ?" ಎಂದರು.

ಅತ್ತೆ ಕಣ್ಣು ಒರೆಸಿಕೊಳ್ಳುತ್ತಲೇ ಗದರಿದರು.

"ಬಂದ್ ಮಾಡೋ ತಮ್ಮಾ ಅದನ್ನ! ಮಾತಾಡಾಕತ್ತೇವಿ, ಕಾಣಂಗಿಲ್ಲೇನು?"